ಮರಿಗೆಗೆ ಸುರಿಯುವ ಮುನ್ನ

ಹಲಸು ಹಣ್ಣಾಗುವ ಹೊತ್ತಿಗೆ ನನಗೆ ದನಗಳ ಚಿಂತೆ ಶುರುವಾಗುತ್ತದೆ. ಭಟ್ಕಳದಿಂದ ಕುಮಟೆಯವರೆಗೆ ಯಾವ ಹಿತ್ತಿಲಿಗೆ ಹೋದರೂ ಮರದಡಿ ಹಣ್ಣು ಬಿದ್ದು ಒಡೆದಿರುತ್ತದೆ. ಹಗ್ಗ ಬಿಚ್ಚಿದ ದನ ನೇರ ಅಲ್ಲಿಗೇ ಓಡುತ್ತದೆ. "ತಿನ್ನಲಿ ಬಿಡಿ, ಕೊಳೆತು ಹೋಗುವುದಕ್ಕಿಂತ ಮೇಲು" ಎನ್ನುತ್ತೀರಿ. ಮರುದಿನ ಅದು ಮೆಲುಕು ಬಿಟ್ಟು, ಹುಳಿನಾತದ ಸಗಣಿಯನ್ನು ನೀರುನೀರಾಗಿ ಹಾಕಿ, ಏಳಲಾರದೆ ಮಲಗಿದಾಗ ಡಾಕ್ಟರಿಗೆ ಫೋನು ಹೋಗುತ್ತದೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಪಾಯಸವನ್ನು ಬಕೆಟ್ಟುಗಟ್ಟಲೆ ಸುರಿದಾಗಲೂ ಇದೇ ಕತೆ. ದೊಡ್ಡಹಬ್ಬದ ದಿನ ಗೋಪೂಜೆ ಮಾಡಿ, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಸಿಹಿ ತಿನ್ನಿಸುತ್ತೇವಲ್ಲ, ಆ ಪ್ರೀತಿಗೂ ಒಂದು ಅಳತೆ ಇರಲಿ.

ಯಾಕೆ ಹೀಗಾಗುತ್ತದೆಂದು ತಿಳಿದುಕೊಳ್ಳಿ ಮಕ್ಕಳೇ, ಕಷ್ಟದ ವಿಷಯವೇನಲ್ಲ. ದನದ ಮೊದಲ ದೊಡ್ಡ ಹೊಟ್ಟೆಗೆ ರೂಮೆನ್ ಎನ್ನುತ್ತಾರೆ. ದೊಡ್ಡ ಮಿಶ್ರತಳಿ ಹಸುವಿನಲ್ಲಿ ಅದು 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರೊಳಗಿನ ರಸದ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ದನಕ್ಕೆ ಸ್ವತಃ ಇಲ್ಲ, ಈ ಜೀವಿಗಳಿಗೆ ಇದೆ. ದೋಸೆ ಹಿಟ್ಟು ಹುದುಗುವಂತೆ ಮೇವು ಅಲ್ಲಿ ಹುದುಗುತ್ತದೆ. ಹಾಗೆ ಹುದುಗಿ ಬರುವ ಆಮ್ಲಗಳೇ ದನಕ್ಕೆ ಊಟ. ನಾರು ಹುದುಗಿದರೆ ಹೆಚ್ಚಾಗಿ ಅಸಿಟಿಕ್ ಆಮ್ಲ ಬರುತ್ತದೆ, ಹಾಲಿನ ಕೊಬ್ಬಿನ ದೊಡ್ಡ ಪಾಲು ಅದರಿಂದ. ಕಾಳು, ಹಿಟ್ಟು ಹೆಚ್ಚಾದರೆ ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ. ಅದು ಯಕೃತ್ತಿನಲ್ಲಿ ಸಕ್ಕರೆಯಾಗಿ ಹಾಲಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಎರಡೂ ಬೇಕು. ಆದರೆ ಸಕ್ಕರೆ, ಪಿಷ್ಟ ಒಮ್ಮೆಲೇ ರಾಶಿಯಾಗಿ ಒಳಗೆ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಮೇಲುಗೈ ಪಡೆಯುತ್ತವೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ 5ಕ್ಕೂ ಕೆಳಗಿಳಿಯಬಹುದು. ನಾರು ಅರಗಿಸುವ ಜೀವಿಗಳು 6ರ ಕೆಳಗೇ ಸೋಲುತ್ತವೆ. ಹಲಸು ತಿಂದ ದನಕ್ಕೆ ಆಗುವುದು ಇಷ್ಟೇ.

ನಮ್ಮ ಕಾಲದ ಮಲೆನಾಡು ಗಿಡ್ಡ ದನಗಳು ಬೆಳಗಾದರೆ ಬೇಣಕ್ಕೆ, ಬೆಟ್ಟಕ್ಕೆ ಹೋಗುತ್ತಿದ್ದವು. ಕರಡ, ಸೊಪ್ಪು ಮೇದು ಸಂಜೆ ಬಂದರೆ ಒಂದಿಷ್ಟು ಅಕ್ಕಚ್ಚು, ತೌಡು. ಹೊಟ್ಟೆ ಕೆಡುವುದು ಅಪರೂಪ. ಹಾಗಂತ ಆ ಕಾಲವನ್ನು ಹೊಗಳುತ್ತಾ ಕೂರುವವ ನಾನಲ್ಲ. ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದು ಎಲುಬು ಎಣಿಸುವಂತಾಗುತ್ತಿದ್ದ ದನಗಳೂ ನೆನಪಿವೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ 3-4 ಭಾಗ. ರೂಮೆನ್ನಿನ ಜೀವಿಗಳು ಸರಿಯಾಗಿ ಕೆಲಸ ಮಾಡಲು 7 ಭಾಗವಾದರೂ ಬೇಕು. ಹೊಟ್ಟೆ ತುಂಬಿರುತ್ತಿತ್ತು, ಒಳಗಿನ ಜೀವಿಗಳು ಉಪವಾಸ.

ಈಗ ತಪ್ಪು ಇನ್ನೊಂದು ಬದಿಗೆ ವಾಲಿದೆ. ಬೆಂಗಳೂರಿನಿಂದಲೋ ಗಲ್ಫಿನಿಂದಲೋ ಮರಳಿ ಬಂದು, ಎಚ್‌ಎಫ್, ಜೆರ್ಸಿ ಕಟ್ಟಿದ್ದೀರಿ. ಒಳ್ಳೆಯದು, ಕೊಟ್ಟಿಗೆಗಳು ಖಾಲಿಯಾಗುವ ಕಾಲದಲ್ಲಿ ನಿಮ್ಮನ್ನು ಕಂಡರೆ ನನಗೆ ಧೈರ್ಯ ಬರುತ್ತದೆ. ಆದರೆ ಗದ್ದೆ ಪಾಳು, ಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು, ದುಬಾರಿ. ಹಾಗಾಗಿ ಹುಲ್ಲಿಗೆ ಕೈ ಹಿಡಿದು, ಹಿಂಡಿಗೆ ಕೈ ಬಿಚ್ಚುತ್ತೀರಿ. ಮೊದಲ ವಾರ ಹಾಲು ಏರುತ್ತದೆ, ಆಮೇಲೆ ಡೈರಿಯಲ್ಲಿ ಫ್ಯಾಟು ಇಳಿಯುತ್ತದೆ. ಹಸುವಿಗೆ ಕಾಲುನೋವು, ಕೆಲವು ದಿನ ತಿಂದರೆ ತಿಂದೀತು, ಇಲ್ಲದಿದ್ದರೆ ಇಲ್ಲ. ಆಗ ನೀವು ಹಿಂಡಿಯ ಬ್ರ್ಯಾಂಡು ಬದಲಿಸುತ್ತೀರಿ! ಬದಲಿಸಬೇಕಾದದ್ದು ಹುಲ್ಲು-ಹಿಂಡಿಯ ಪಾಲು.

ಒಣ ತೂಕದ ಲೆಕ್ಕದಲ್ಲಿ ಮೇವು 60, ಹಿಂಡಿ-ಬೂಸಾ 40. ಈ ಗೆರೆ ದಾಟಬೇಡಿ. ಮೈ ನಿರ್ವಹಣೆಗೆ ಒಂದೂವರೆ-ಎರಡು ಕಿಲೋ, ಆಮೇಲೆ ಲೀಟರು ಹಾಲಿಗೆ ಸುಮಾರು 400 ಗ್ರಾಂ ಎಂದು ಪಶುವೈದ್ಯರು ಹೇಳುವ ಲೆಕ್ಕ ಸಾಕು. ಅದನ್ನೂ ಒಂದೇ ಹೊತ್ತಿಗೆ ಸುರಿಯದೆ ಹಂಚಿ ಕೊಡಿ. ಮೊದಲು ಹುಲ್ಲು, ಆಮೇಲೆ ಹಿಂಡಿ. ಹುಲ್ಲನ್ನು ಪುಡಿಯಾಗುವಷ್ಟು ಸಣ್ಣಗೆ ಕತ್ತರಿಸಬೇಡಿ. ದನ ದಿನಕ್ಕೆ ಆರೇಳು ಗಂಟೆ ಮೆಲುಕು ಹಾಕುವಾಗ 100 ಲೀಟರಿಗೂ ಮಿಕ್ಕಿ ಜೊಲ್ಲು ಒಳಗೆ ಹೋಗುತ್ತದೆ. ಹುಳಿಯನ್ನು ತಣಿಸುವ ಸೋಡಾದ ಗುಣ ಆ ಜೊಲ್ಲಿನಲ್ಲಿದೆ, ಅಂಗಡಿಯಿಂದ ತರಬೇಕಿಲ್ಲ. ಕೊಟ್ಟಿಗೆಗೆ ಹೋದಾಗ ಮಲಗಿದ ದನಗಳಲ್ಲಿ ಎಷ್ಟು ಮೆಲುಕು ಹಾಕುತ್ತಿವೆ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅರ್ಧಕ್ಕಿಂತ ಕಡಿಮೆಯಿದ್ದರೆ ಮರಿಗೆಯ ಕಡೆ ತಿರುಗಿ ನೋಡಿ.

ಹುಲ್ಲಿನ ಬಡತನಕ್ಕೂ ದಾರಿಯಿದೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50-60 ಲೀಟರು ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಇಟ್ಟರೆ ಹುಲ್ಲು ಮೆದುವಾಗಿ ಪ್ರೋಟೀನೂ ಏರುತ್ತದೆ. ಮೊದಲ ಸಲ ಪಶುವೈದ್ಯರ ಎದುರಿಗೇ ಮಾಡಿ. ಯೂರಿಯಾವನ್ನು ನೇರ ನೀರಿಗೋ ಹಿಂಡಿಗೋ ಬೆರೆಸಬೇಡಿ, ದನ ಸತ್ತೀತು. ಕರುಗಳಿಗೆ ಈ ಹುಲ್ಲೂ ಬೇಡ. ತೋಟದ ಬದುವಿಗೆ ನೇಪಿಯರ್ ಕಡ್ಡಿ ನೆಡಿ. ಹಸಿ ಅಡಿಕೆ ಹಾಳೆಯನ್ನು ಕತ್ತರಿಸಿ ಹಾಕುವ ಹಳೆಯ ರೂಢಿಯನ್ನೂ ಬಿಡಬೇಡಿ.

ಮೇವು ಬದಲಿಸುವಾಗ ಮಾತ್ರ ಅವಸರ ಬೇಡ. ಹೊಸ ಹಿಂಡಿಯಾಗಲಿ, ಮಳೆ ಬಿದ್ದ ಮೇಲೆ ಚಿಗುರಿದ ಎಳೆಹುಲ್ಲಾಗಲಿ, ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬೆರೆಸುತ್ತಾ ಎರಡು ವಾರ ತೆಗೆದುಕೊಳ್ಳಿ. ಒಳಗಿನ ಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಹಲಸಿನ ಮರದಡಿಗೆ ಈ ಸಲ ಒಂದು ಬೇಲಿ ಕಟ್ಟಿ. ಇಷ್ಟಾಗಿಯೂ ದನ ಹಣ್ಣನ್ನೋ ಅನ್ನವನ್ನೋ ಮಿತಿಮೀರಿ ತಿಂದದ್ದು ಗೊತ್ತಾದರೆ, ಬೆಳಗಿನವರೆಗೆ ಕಾಯಬೇಡಿ. ಹಿಂಡಿ ನಿಲ್ಲಿಸಿ, ಒಣಹುಲ್ಲು ಮಾತ್ರ ಮುಂದಿಡಿ, ಕೈಗೆ ಸಿಕ್ಕ ಔಷಧಿ ಗೊಟ್ಟ ಹಾಕದೆ ಪಶು ಆಸ್ಪತ್ರೆಗೋ 1962ಕ್ಕೋ ಕೂಡಲೇ ಫೋನು ಮಾಡಿ. ಏನು ತಿಂದಿತು, ಎಷ್ಟು ಹೊತ್ತಾಯಿತು ಎಂಬುದನ್ನು ಮೊದಲು ಹೇಳಿ.