ಮರ ಹತ್ತೋಕೆ ವಿಂಚ್: ಕೊಂಬೆಯ ಲೆಕ್ಕ ಮೊದಲು

ನಮ್ಮದು ಮಳೆ ನಂಬಿದ ಹೊಲ. ರಾಗಿ, ಅವರೆ, ಹುರುಳಿ ಕೈಕೊಟ್ಟ ವರ್ಷವೂ ಬದುವಿನ ಹುಣಸೆಮರಗಳು ಮನೆ ನಡೆಸಿವೆ. ತಾತನ ಕಾಲದ ಹನ್ನೆರಡು ಮರ. ಒಂದೊಂದೂ ನಲವತ್ತು ಅಡಿ ಮೇಲೆ. ಫಸಲಿಗೆ ತೊಂದರೆ ಇಲ್ಲ. ತೊಂದರೆ ಇರೋದು ಹತ್ತುವವರಿಗೆ. ಹಿಂದೆ ಹತ್ತುತ್ತಿದ್ದವರಿಗೆ ವಯಸ್ಸಾಯಿತು, ಅವರ ಮಕ್ಕಳು ಪೇಟೆ ಸೇರಿದರು.

2022ರ ಫೆಬ್ರವರಿಯಲ್ಲಿ ನನ್ನ ಬಾಮೈದ ದಿನದ ನಾಲ್ಕನೇ ಮರದಲ್ಲಿದ್ದ. ಇಳಿಯುವಾಗ ಮಧ್ಯೆ ನಿಂತುಬಿಟ್ಟ. "ಭಾವ, ಕೈ ನಿಲ್ತಿಲ್ಲ" ಅಂದ. ಏಣಿ ಸೇರಿಸಿ ಇಳಿಸಿದೆವು. ಅವನಿಗೆ ನಲವತ್ತೆಂಟು ವರ್ಷ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಅವನೇ ಒಂದು ಮಾತು ತೆಗೆದ. "ಬೋರ್‌ವೆಲ್ಲಿನಿಂದ ಮೋಟಾರು ಎತ್ತೋಕೆ ವಿಂಚ್ ಇದೆ, ಮನೆ ಕಟ್ಟೋರು ಸಿಮೆಂಟ್ ಮೇಲಕ್ಕೆ ಎಳೆಯೋಕೆ ವಿಂಚ್ ಇದೆ. ನನ್ನನ್ನ ಯಾಕೆ ಎತ್ತಬಾರದು?" ನನಗೂ ಸರಿ ಅನ್ನಿಸಿತು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದಣಿವು ಎಲ್ಲಿಂದ?

ನಮ್ಮಕ್ಕನ ಮಗ ಐಟಿಐ ಓದಿದವನು. ಅವನು ಲೆಕ್ಕ ಹಾಕಿ ತೋರಿಸಿದ. 60 ಕಿಲೋ ತೂಕದ ಆಳು ನಲವತ್ತು ಅಡಿ, ಅಂದರೆ 12 ಮೀಟರ್ ಏರಿದರೆ ಆ ಏರಿಕೆಗೆ ಮೈ ಖರ್ಚು ಮಾಡೋದು ಸುಮಾರು 7-8 ಕ್ಯಾಲೊರಿ ಅಷ್ಟೇ. ಹತ್ತು ಸಲ ಏರಿದರೆ 70-80. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುತ್ತೆ. ಅಂದರೆ ದಿನದ ಏರಿಕೆಗೆ ಒಂದು ಹಿಡಿ ಹಿಟ್ಟು ಸಾಕು!

ಹಾಗಾದರೆ ಕೈ ಸೋತದ್ದು ಯಾಕೆ? ಕಾಲಿನಷ್ಟು ಬಲ ಕೈಗಿಲ್ಲ. ಕೊಂಬೆ ಹಿಡಿದು ಅಲ್ಲಾಡದೆ ನಿಂತರೂ ಕೈಯ ಮಾಂಸಖಂಡ ದುಡಿಯುತ್ತಲೇ ಇರುತ್ತೆ. ತುಂಬಿದ ಕೊಡ ಹಿಡಿದು ಸುಮ್ಮನೆ ನಿಂತು ನೋಡಿ, ಗೊತ್ತಾಗುತ್ತೆ. ನಮಗೆ ಉಳಿಯಬೇಕಾದ್ದು ಹೊಟ್ಟೆಯ ಕ್ಯಾಲೊರಿ ಅಲ್ಲ, ಕೈಯ ಬಲ. ಮೇಲೆ ತಲುಪಿದ ಮೇಲೆ ಗಳ ಬೀಸೋಕೆ, ಆಮೇಲೆ ಇಳಿಯೋಕೆ ಆ ಬಲ ಬೇಕು.

ಕರೆಂಟಿನ ಲೆಕ್ಕವೂ ಹಗುರ. 80 ಕಿಲೋ ಭಾರವನ್ನು ನಿಮಿಷಕ್ಕೆ 10 ಮೀಟರಿನಂತೆ ಎತ್ತೋಕೆ, ಅರ್ಧ ಶಕ್ತಿ ಯಂತ್ರದಲ್ಲೇ ನಷ್ಟವಾದರೂ, ಅರ್ಧ ಎಚ್.ಪಿ. ಮೋಟಾರು ಸಾಕು. ಒಂದು ಯೂನಿಟ್ ಕರೆಂಟಿನಲ್ಲಿ ನಲವತ್ತು ಅಡಿಗೆ ಸುಮಾರು 190 ಸಲ ಎತ್ತಬಹುದು.

ಇಷ್ಟು ಕೇಳಿ ನಾವು ಹಿಗ್ಗಿದೆವು.

ಮೂಟೆ ಕಲಿಸಿದ ಪಾಠ

ಸಿಮೆಂಟ್ ಎತ್ತುವ ವಿಂಚನ್ನು ಒಂದು ದಿನಕ್ಕೆ ಬಾಡಿಗೆಗೆ ತಂದೆವು. ಆಳನ್ನು ಎತ್ತುವ ಮೊದಲು ಮರಳಿನ ಮೂಟೆ ಎತ್ತಿ ನೋಡೋಣ ಅಂತ ನಮ್ಮಕ್ಕನ ಮಗ ಹಟ ಹಿಡಿದ. ಅವನ ಹಟಕ್ಕೆ ನಾನು ಇವತ್ತಿಗೂ ಋಣಿ.

ತೊಡೆ ಗಾತ್ರದ ಕೊಂಬೆ. ಮೊದಲು 80 ಕಿಲೋ ಮರಳಿನ ಮೂಟೆಯನ್ನು ನೇರ ಅದಕ್ಕೇ ನೇತುಹಾಕಿದೆವು. ಕೊಂಬೆ ಜಗ್ಗಲಿಲ್ಲ. ಆಮೇಲೆ ಅದೇ ಜಾಗಕ್ಕೆ ಬಾವಿಯ ರಾಟೆ ಕಟ್ಟಿ, ವಿಂಚನ್ನು ಮರದ ಬುಡಕ್ಕೆ ಬಿಗಿದು, ಅದೇ ಮೂಟೆಯನ್ನು ಎತ್ತಿದೆವು. ಮೂಟೆ ಹತ್ತು ಅಡಿ ಏರಿರಲಿಲ್ಲ, ಕೊಂಬೆ ಲಟಕ್ಕನೆ ಮುರಿದು ಮೂಟೆ, ರಾಟೆ ಎಲ್ಲ ಕೆಳಗೆ ಬಿತ್ತು. ನೋಡಿದರೆ ಕೊಂಬೆಯ ಬುಡದಲ್ಲಿ ಒಳಗೆ ಟೊಳ್ಳು. ಹೊರಗೆ ಏನೂ ಕಾಣುತ್ತಿರಲಿಲ್ಲ. ಬಾಮೈದ ಬಾಯಿ ಬಿಡದೆ ದೂರ ಹೋಗಿ ಕೂತ.

ನೇತುಹಾಕಿದಾಗ ತಡೆದ ಕೊಂಬೆ ಎತ್ತುವಾಗ ಯಾಕೆ ಮುರಿಯಿತು? ಮೂಟೆ ಅದೇ ಅಲ್ಲವೇ?

ಇದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಹಣ್ಣು ತೂಗುವ ಕೊಕ್ಕೆ ತಕ್ಕಡಿಯನ್ನು ತೊಲೆಗೆ ಕಟ್ಟಿ. 5 ಕಿಲೋ ಚೀಲ ನೇತುಹಾಕಿದರೆ 5 ತೋರಿಸುತ್ತೆ. ಈಗ ತಕ್ಕಡಿಗೆ ಒಂದು ಸಣ್ಣ ರಾಟೆ ಸಿಕ್ಕಿಸಿ, ಹಗ್ಗ ಹಾಯಿಸಿ, ಒಂದು ತುದಿಗೆ ಅದೇ ಚೀಲ ಕಟ್ಟಿ. ಇನ್ನೊಂದು ತುದಿಯನ್ನು ಕೆಳಗೆ ನಿಂತು ಹಿಡಿಯಿರಿ. ತಕ್ಕಡಿ 10 ತೋರಿಸುತ್ತೆ, ರಾಟೆಯ ತೂಕ ಬೇರೆ. ಚೀಲ ಒಂದು ಕಡೆ ಐದು ಜಗ್ಗಿದರೆ, ಅದನ್ನು ತಡೆಯೋಕೆ ನೀವು ಇನ್ನೊಂದು ಕಡೆ ಐದು ಜಗ್ಗಬೇಕು. ಎರಡೂ ಬೀಳೋದು ತಕ್ಕಡಿ ಮೇಲೆ.

ನಮ್ಮ ಕೊಂಬೆಗೂ ಆದದ್ದು ಇದೇ. ಮೂಟೆ 80, ವಿಂಚ್ 80, ಒಟ್ಟು 160 ಕಿಲೋ. ವಿಂಚ್ ಜರ್ಕ್ ಹೊಡೆದಾಗ ಇನ್ನೂ ಹೆಚ್ಚು. ರಾಟೆ ಇಲ್ಲದೆ ಹಗ್ಗವನ್ನು ತೊಗಟೆ ಮೇಲೇ ಹಾಯಿಸಿದರೆ ಉಜ್ಜಾಟಕ್ಕೆ ವಿಂಚ್ ಮತ್ತೂ ಜೋರಾಗಿ ಎಳೆಯಬೇಕು, ಅದೂ ಕೊಂಬೆಯ ಮೇಲೇ. ಅಷ್ಟೇ ಅಲ್ಲ, ಹಗ್ಗ ವಿಂಚನ್ನೂ ಮೇಲಕ್ಕೆ ಜಗ್ಗುತ್ತೆ. ಅದರ ಕಟ್ಟು ಬಿಗಿಯಾಗಿರದಿದ್ದರೆ ಕಿತ್ತು ಬರುತ್ತೆ.

ಯಂತ್ರ ನೆಲದಲ್ಲೋ, ಆಳಿನ ಜೊತೆಯಲ್ಲೋ?

ಹೊರದೇಶಗಳಲ್ಲಿ ಮರ ಸವರುವ ಕಸುಬಿನವರು ಬ್ಯಾಟರಿಯ ಅಥವಾ ಪೆಟ್ರೋಲಿನ ಸಣ್ಣ ಯಂತ್ರವನ್ನು ತಮ್ಮ ಬೆಲ್ಟಿಗೇ ಸಿಕ್ಕಿಸಿಕೊಂಡು ಏರುತ್ತಾರೆ. ಹಗ್ಗದ ತುದಿ ಮೇಲಿನ ಕೊಂಬೆಗೆ ಕಟ್ಟಿರುತ್ತೆ, ಯಂತ್ರ ಹಗ್ಗವನ್ನು ಕಚ್ಚಿಕೊಂಡು ಮೇಲೆ ಹೋಗುತ್ತೆ. ಆಗ ಕೊಂಬೆಗೆ ಬೀಳೋದು ಆಳು ಮತ್ತು ಯಂತ್ರದ ತೂಕ ಮಾತ್ರ, ಎರಡರಷ್ಟಲ್ಲ. ಗುಂಡಿಯೂ ಏರುವವನ ಕೈಯಲ್ಲೇ ಇರುತ್ತೆ. ನಿಲ್ಲಿಸಬೇಕೆಂದರೆ ಕೆಳಗಿನವರನ್ನು ಕೂಗಬೇಕಿಲ್ಲ.

ನಮ್ಮವರೂ ಹಿಂದೆ ಬಿದ್ದಿಲ್ಲ. ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರ ಏರುವ ಬೈಕು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅದು ಕಾಂಡವನ್ನೇ ಹಿಡಿದು ಏರುತ್ತೆ, ಕೊಂಬೆಯ ಹಂಗಿಲ್ಲ. ಆದರೆ ಅದಕ್ಕೆ ಅಡಿಕೆಯಂಥ ನೆಟ್ಟಗಿನ, ಕವಲಿಲ್ಲದ ಮರ ಬೇಕು. ಸೊಟ್ಟ ಕಾಂಡದ ನಮ್ಮ ಹುಣಸೆಗೆ ಅದು ಒಗ್ಗೋದಿಲ್ಲ.

ಮನುಷ್ಯನನ್ನು ಎತ್ತಬೇಕಾದರೆ

ಸಾಮಾನು ಎತ್ತುವ ವಿಂಚ್ ಮನುಷ್ಯರಿಗಲ್ಲ. ಎಷ್ಟೋ ವಿಂಚುಗಳ ಮೇಲೆ ಹಾಗಂತ ಬರೆದೇ ಇರುತ್ತಾರೆ, ನಾವು ಓದೋದಿಲ್ಲ. ಎತ್ತಲೇಬೇಕೆಂದರೆ ಇವಿಷ್ಟೂ ಇರಲಿ:

1. ಮನುಷ್ಯರನ್ನು ಎತ್ತೋಕೆ ಅಂತಲೇ ಮಾಡಿದ ಯಂತ್ರ. ಕರೆಂಟು ಹೋದ ಕ್ಷಣ ಬ್ರೇಕ್ ತಾನಾಗಿ ಹಿಡಿಯಬೇಕು. ನಮ್ಮ ಹಳ್ಳಿಗಳಲ್ಲಿ ಇದನ್ನು ಹೇಳಬೇಕಾಗಿಯೇ ಇಲ್ಲ.

2. ಯಂತ್ರ ನಿಂತುಹೋದರೂ ಮೇಲಿದ್ದವನು ತಾನೇ ಇಳಿದು ಬರುವ ದಾರಿ.

3. ಬೇರೆ ಕವಲಿಗೆ ಕಟ್ಟಿದ ಎರಡನೇ ಹಗ್ಗ. ಅದು ಬೆಲ್ಟಿಗೆ ಸೇರಿರಬೇಕು, ಬಿದ್ದರೆ ತಡೆಯುವ ಹಿಡಿ ಅದರಲ್ಲಿರಬೇಕು. ಮೊದಲ ಕೊಂಬೆ ಮುರಿದರೂ ಜೀವ ಉಳಿಯಲಿ.

4. ಸೊಂಟಕ್ಕೂ ತೊಡೆಗೂ ಬರುವ ಬೆಲ್ಟು. ಬರೀ ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ನೇತಾಡಿದರೆ ಉಸಿರು ಕಟ್ಟುತ್ತೆ.

5. ಕಾಂಡದ ಹತ್ತಿರದ ಗಟ್ಟಿ ಕವಲು. ಮೊದಲು ಮೂಟೆಯಿಂದ ಪರೀಕ್ಷೆ, ಅದೂ ಆಳಿನ ಎರಡರಷ್ಟು ತೂಕದಲ್ಲಿ. ವಿಂಚ್ ನೆಲದಲ್ಲಿದ್ದರೆ ಮೂಟೆಯನ್ನು ವಿಂಚಿನಿಂದಲೇ ಎತ್ತಿ ನೋಡಬೇಕು.

6. ಕರೆಂಟಿನ ತಂತಿ ಹತ್ತಿರವಿರುವ ಮರಕ್ಕೆ ವಿಂಚೂ ಬೇಡ, ಏಣಿಯೂ ಬೇಡ.

ಇವುಗಳಲ್ಲಿ ಒಂದು ಕಡಿಮೆಯಾದರೂ ಎತ್ತಬೇಡಿ.

ನಾವು ಈಗ ಮಾಡುತ್ತಿರುವುದು

ಅಂಥ ಯಂತ್ರ ಕೊಳ್ಳುವ ಶಕ್ತಿ ನನಗೊಬ್ಬನಿಗೆ ಇಲ್ಲ. ಹಾಗಾಗಿ ಆಳನ್ನು ಎತ್ತುವ ಯೋಚನೆ ಬಿಟ್ಟು, ಹತ್ತುವ ಸಲವನ್ನು ಕಡಿಮೆ ಮಾಡಿದೆವು.

ಮೊದಲು ಬಾಮೈದ ಒಂದು ಮರಕ್ಕೆ ಮೂರು-ನಾಲ್ಕು ಸಲ ಹತ್ತಿ ಇಳಿಯುತ್ತಿದ್ದ. ಗಳ ಬದಲಿಸೋಕೆ ಒಮ್ಮೆ, ನೀರಿಗೆ ಒಮ್ಮೆ, ಕತ್ತಿಗೆ ಒಮ್ಮೆ. ಈಗ ಮೊದಲ ಕವಲಿನ ತನಕ ಏಣಿ, ಅದನ್ನು ಕಾಂಡಕ್ಕೆ ಕಟ್ಟಿರುತ್ತೇವೆ. ಅಲ್ಲಿಂದ ಮೇಲೆ ಬೆಲ್ಟು ಮತ್ತು ಎರಡು ತುಂಡು ಹಗ್ಗ. ಒಂದನ್ನು ಮುಂದಿನ ಕೊಂಬೆಗೆ ಹಾಕಿದ ಮೇಲೇ ಇನ್ನೊಂದನ್ನು ಬಿಚ್ಚಬೇಕು. ಸಣ್ಣ ರಾಟೆಯಲ್ಲಿ ಗಳ, ಕತ್ತಿ, ನೀರು, ಮಜ್ಜಿಗೆ ಎಲ್ಲ ಮೇಲೆ ಹೋಗುತ್ತೆ. ಈ ಭಾರ ಹತ್ತು ಕಿಲೋ ದಾಟೋದಿಲ್ಲ, ಕೈಯಲ್ಲೇ ಎಳೆಯುತ್ತೇವೆ. ಎಳೆಯುವಾಗ ಕೆಳಗೆ ಯಾರೂ ನಿಲ್ಲುವಂತಿಲ್ಲ. ಮರಕ್ಕೆ ಒಂದೇ ಸಲ ಹತ್ತೋದು, ದಿನಕ್ಕೆ ಮೂರೇ ಮರ. ಸುಗ್ಗಿ ನಾಲ್ಕು ದಿನಕ್ಕೆ ಮುಗಿಯುತ್ತೆ. ಮೊದಲು ಮೂರು ದಿನ ಹಿಡಿಯುತ್ತಿತ್ತು. ಆ ಒಂದು ದಿನದ ಕೂಲಿ ನನಗೆ ದುಬಾರಿ ಅನ್ನಿಸಿಲ್ಲ.

ಮುಂದೆ ಹತ್ತು ಜನ ಬೆಳೆಗಾರರು ಸೇರಿ ಆಳಿನ ಜೊತೆಯಲ್ಲೇ ಏರುವ ಯಂತ್ರ ಒಂದನ್ನು ಕೊಂಡರೆ ಸರದಿಯ ಮೇಲೆ ಬಳಸಬಹುದು. ಕವಲು ಹೆಚ್ಚಿರುವ ಹುಣಸೆ, ಮಾವು, ಹಲಸಿನ ಮರಗಳಲ್ಲಿ ಯಾರಾದರೂ ಇಂಥದ್ದನ್ನು ಬಳಸಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಅಲ್ಲಿಯ ತನಕ ಯಾರೇ ಆಗಲಿ, ಬಾಡಿಗೆ ವಿಂಚ್ ತಂದು ಮನೆಯವರನ್ನು ಅದಕ್ಕೆ ಕಟ್ಟುವ ಮುಂಚೆ ಕೊಕ್ಕೆ ತಕ್ಕಡಿಯ ಪರೀಕ್ಷೆ ಒಮ್ಮೆ ಮಾಡಿ ನೋಡಿ.