ತಲೆಸುತ್ತು: ಕಾರಣ ತಿಳಿದರೆ ಪರಿಹಾರ ಸುಲಭ



ಹಸುವಿನ ಕೆಚ್ಚಲು ಬಾತರೆ, ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ತಮ್ಮ ದೇಹದ ತೊಂದರೆಯನ್ನು ತಿಂಗಳುಗಟ್ಟಲೆ ಮುಂದೂಡುವವರು ನಮ್ಮಲ್ಲಿ ಅನೇಕರು. ತಲೆಸುತ್ತು ಅಂಥ ತೊಂದರೆಗಳಲ್ಲಿ ಒಂದು. "ಪಿತ್ತ ಕೆರಳಿದೆ", "ನಿಶ್ಶಕ್ತಿ", "ಬಿ.ಪಿ. ಇರಬೇಕು" ಎಂದು ಮನೆಯಲ್ಲೇ ತೀರ್ಮಾನವಾಗುತ್ತದೆ. ನಿಂಬೆಹಣ್ಣಿನ ಪಾನಕ ಇಲ್ಲವೇ ಅಂಗಡಿಯ ಮಾತ್ರೆಯಲ್ಲಿ ದಿನ ಕಳೆಯುತ್ತದೆ.

ತಲೆಸುತ್ತು ಒಂದೇ ಕಾಯಿಲೆಯಲ್ಲ. ಹಲವು ಕಾಯಿಲೆಗಳ ಲಕ್ಷಣ. ಅವುಗಳಲ್ಲಿ ತೀರಾ ಸಾಮಾನ್ಯವಾದ ಒಂದು ಬಗೆ ಮಾತ್ರೆಯಿಲ್ಲದೆ, ತಲೆಯನ್ನು ಕ್ರಮವಾಗಿ ತಿರುಗಿಸುವುದರಿಂದಲೇ ವಾಸಿಯಾಗುತ್ತದೆ. ಅಪರೂಪದ ಇನ್ನೊಂದು ಬಗೆಯಲ್ಲಿ ತಡಮಾಡಿದರೆ ಪ್ರಾಣಕ್ಕೇ ಅಪಾಯ. ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ತಿಳಿದಿರಬೇಕು.

ಕಣ್ಣು ಕತ್ತಲಾಗುವುದು ಬೇರೆ, ಸುತ್ತುವುದು ಬೇರೆ

ಹಾಲು ಕರೆದು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬಂದು, ಕ್ಷಣ ಹೊತ್ತು ನಿಂತರೆ ಸರಿಹೋದರೆ ಅದು ನಿಜವಾದ ತಲೆಸುತ್ತಲ್ಲ. ಎದ್ದಾಗ ರಕ್ತದೊತ್ತಡ ಇಳಿಯುವುದರಿಂದ ಹೀಗಾಗುತ್ತದೆ. ನೀರು ಸಾಲದಿರುವುದು, ರಕ್ತಹೀನತೆ, ಬಿ.ಪಿ. ಮಾತ್ರೆಯ ಪ್ರಮಾಣ ಹೆಚ್ಚಾಗಿರುವುದು ಇದಕ್ಕೆ ಮುಖ್ಯ ಕಾರಣಗಳು. ಇಂಥವರು ರಕ್ತ ಹಾಗೂ ಬಿ.ಪಿ. ಪರೀಕ್ಷೆ ಮಾಡಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಮನೆ, ಕೊಟ್ಟಿಗೆ, ಕಂಬ ಎಲ್ಲವೂ ಗಿರಗಿರನೆ ತಿರುಗಿದಂತೆ ಕಾಣುವುದು, ಅಥವಾ ತಾನೇ ತಿರುಗಿದಂತೆ ಆಗುವುದು ನಿಜವಾದ ತಲೆಸುತ್ತು. ವೈದ್ಯರು ಇದನ್ನು ವರ್ಟಿಗೋ ಎನ್ನುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇದರ ಮೂಲ ಕಿವಿಯ ಒಳಭಾಗ.

ಕಿವಿಯೊಳಗಿನ ರಸಮಟ್ಟ

ಗಾರೆ ಕೆಲಸದವರ ರಸಮಟ್ಟದಂತೆ ನಮ್ಮ ಒಳಕಿವಿಯಲ್ಲೂ ಒಂದು ವ್ಯವಸ್ಥೆಯಿದೆ. ಪ್ರತಿ ಕಿವಿಯಲ್ಲೂ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಈ ದ್ರವದ ಚಲನೆ ನರದ ಮೂಲಕ ಮೆದುಳಿಗೆ ತಿಳಿಯುತ್ತದೆ. ನಾಳಗಳ ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ, ಅಂದರೆ ಸುಣ್ಣದ, ಅತಿ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ.

ವಯಸ್ಸಾದಂತೆ ಅಥವಾ ತಲೆಗೆ ಪೆಟ್ಟು ಬಿದ್ದಾಗ ಈ ಹರಳುಗಳು ಕಳಚಿ ನಾಳಕ್ಕೆ ಸೇರಬಹುದು. ಹಾಲಿನ ಕ್ಯಾನು ಹೊತ್ತ ಗಾಡಿ ನಿಂತ ಮೇಲೂ ಒಳಗೆ ಹಾಲು ಕುಲುಕುವುದನ್ನು ನೋಡಿದ್ದೀರಿ. ಹಾಗೆಯೇ ತಲೆ ನಿಂತ ಮೇಲೂ ಹರಳುಗಳು ಜಾರುತ್ತಾ ದ್ರವವನ್ನು ಅಲುಗಿಸುತ್ತವೆ. ಕಣ್ಣು "ನಿಂತಿದ್ದೇನೆ" ಎಂದರೆ ಕಿವಿ "ತಿರುಗುತ್ತಿದ್ದೇನೆ" ಎನ್ನುತ್ತದೆ. ಈ ಗೊಂದಲವೇ ತಲೆಸುತ್ತು. ವೈದ್ಯರ ಚೀಟಿಯಲ್ಲಿ ಬಿ.ಪಿ.ಪಿ.ವಿ. ಎಂದು ಬರೆಯುವುದು ಇದನ್ನೇ. ಹೆಸರಿನಲ್ಲಿ ಬಿ.ಪಿ. ಇದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು.

ಮೂರು ಪ್ರಶ್ನೆ ಕೇಳಿರಿ

1. ಏನು ಮಾಡಿದಾಗ ಬರುತ್ತದೆ? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಹುಲ್ಲಿಗೆ ತಲೆ ಎತ್ತಿದಾಗ, ಹಾಲು ಕರೆಯಲು ಬಗ್ಗಿದಾಗ ಬಂದರೆ ಹರಳಿನ ತೊಂದರೆ ಎಂದು ಸಂಶಯಪಡಬಹುದು.

2. ಎಷ್ಟು ಹೊತ್ತು ಇರುತ್ತದೆ? ಹರಳಿನ ತೊಂದರೆಯಾದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಒಂದೇ ಸಮನೆ ಒಂದೆರಡು ದಿನ ಸುತ್ತಿ ವಾಂತಿಯಾದರೆ ಕಿವಿಯ ಸಮತೋಲನದ ನರಕ್ಕೆ ಉರಿಯೂತವಾಗಿರಬಹುದು. ಆದರೆ ಲಕ್ವವೂ ಹೀಗೆಯೇ ಆರಂಭವಾಗಬಹುದಾದ್ದರಿಂದ ಕೂಡಲೇ ವೈದ್ಯರಿಗೆ ತೋರಿಸಬೇಕು.

3. ಜೊತೆಗೆ ಇನ್ನೇನಿದೆ? ಗಂಟೆಗಟ್ಟಲೆ ಸುತ್ತುವುದರ ಜೊತೆಗೆ ಒಂದು ಕಿವಿ ತುಂಬಿದಂತಾಗಿ, ಗುಂಯ್‌ಗುಟ್ಟಿ, ಕೇಳಿಸುವುದು ಕಡಿಮೆಯಾದರೆ ಅದು ಮೆನಿಯೇ ಕಾಯಿಲೆ ಇರಬಹುದು. ಪ್ರಾಸ್ಪರ್ ಮೆನಿಯೇ ಎಂಬ ಫ್ರೆಂಚ್ ವೈದ್ಯರು 1861ರಲ್ಲಿ ಇದನ್ನು ವಿವರಿಸಿದರು. ಇಂಥವರಿಗೆ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ. ತಲೆನೋವು ಬಂದು ಬೆಳಕು, ಸದ್ದು ಸಹಿಸಲಾಗದಿದ್ದರೆ ಮೈಗ್ರೇನ್ ಕಾರಣವಿರಬಹುದು.

ಹರಳನ್ನು ಸ್ವಸ್ಥಾನಕ್ಕೆ ಸೇರಿಸುವ ಕ್ರಮ

ಅಮೆರಿಕದ ಕಿವಿ ತಜ್ಞ ಜಾನ್ ಎಪ್ಲಿ ಅವರು ಹರಳುಗಳನ್ನು ನಾಳದಿಂದ ಹೊರಗೆ ಜಾರಿಸುವ ಕ್ರಮವೊಂದನ್ನು ರೂಪಿಸಿ 1992ರಲ್ಲಿ ಪ್ರಕಟಿಸಿದರು. ಇಷ್ಟು ಸರಳ ಉಪಾಯವನ್ನು ಮೊದಲು ಅನೇಕ ವೈದ್ಯರೇ ನಂಬಲಿಲ್ಲ. ಇಂದು ಜಗತ್ತಿನೆಲ್ಲೆಡೆ ಇದೇ ಮೊದಲ ಚಿಕಿತ್ಸೆ. ಯಾವ ಕಿವಿ, ಯಾವ ನಾಳ ಎಂಬುದನ್ನು ವೈದ್ಯರು ಮಲಗಿಸಿ, ಕಣ್ಣಿನ ಚಲನೆ ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ ಮೊದಲ ಸಲ ಕಿವಿ, ಮೂಗು, ಗಂಟಲು ತಜ್ಞರಲ್ಲೇ ಮಾಡಿಸಿಕೊಳ್ಳಿರಿ. ಮತ್ತೆ ಬಂದಾಗ ಮನೆಯಲ್ಲಿ ಮಾಡಬಹುದೇ ಎಂದು ಅವರನ್ನೇ ಕೇಳಿರಿ. ಬಲಗಿವಿಯ ತೊಂದರೆಗೆ ಕ್ರಮ ಹೀಗಿದೆ:

1. ಮಂಚದ ಮೇಲೆ ಕಾಲು ಚಾಚಿ ಕುಳಿತು, ಮುಖವನ್ನು ಬಲಭುಜದ ಕಡೆಗೆ ಅರ್ಧದಷ್ಟು ತಿರುಗಿಸಿರಿ. ಮಲಗಿದಾಗ ಭುಜದಡಿಗೆ ಬರುವಂತೆ ಹಿಂದೆ ದಿಂಬು ಇರಲಿ.

2. ಮುಖ ಹಾಗೆಯೇ ಇರುವಂತೆ ಬೇಗನೆ ಅಂಗಾತ ಮಲಗಿರಿ. ತಲೆ ದಿಂಬಿನಾಚೆ ತುಸು ಹಿಂದಕ್ಕೆ ಬಾಗಿರಲಿ. ಆಗ ತಲೆ ಸುತ್ತಬಹುದು, ಹೆದರಬೇಡಿ. ಸುತ್ತು ನಿಂತ ಮೇಲೆ ಇನ್ನೂ 30 ಸೆಕೆಂಡು ಹಾಗೆಯೇ ಇರಿ.

3. ತಲೆ ಎತ್ತದೆ ಮುಖವನ್ನು ಎಡಕ್ಕೆ ಅಷ್ಟೇ ತಿರುಗಿಸಿರಿ. 30 ಸೆಕೆಂಡು ಇರಿ.

4. ಮೈಯನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ಓರೆಯಾಗಿ ನೆಲ ನೋಡುವಂತೆ ತಲೆ ತಿರುಗಿಸಿರಿ. 30 ಸೆಕೆಂಡು ಇರಿ.

5. ಗದ್ದವನ್ನು ಎದೆಯತ್ತ ಬಾಗಿಸಿಕೊಂಡು, ಅದೇ ಮಗ್ಗುಲಿನಿಂದ ನಿಧಾನವಾಗಿ ಎದ್ದು ಕುಳಿತುಕೊಳ್ಳಿರಿ.

ಎಡಗಿವಿಯಾದರೆ ಎಲ್ಲವೂ ತಿರುವುಮುರುವು. ಪಕ್ಕದಲ್ಲಿ ಒಬ್ಬರು ಆಸರೆಗೆ ಇರಲಿ. ಬಹಳಷ್ಟು ಜನರಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ. ಕತ್ತಿನ ಮೂಳೆ ಸವೆತ ಅಥವಾ ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು. ಚಿಕಿತ್ಸೆಯ ನಂತರ ಎರಡು ರಾತ್ರಿ ಕುಳಿತೇ ಮಲಗಬೇಕೆಂಬ ಹಳೆಯ ಕಟ್ಟುಪಾಡು ಅಗತ್ಯವಿಲ್ಲವೆಂದು ಈಗ ತಿಳಿದಿದೆ. ವಿಟಮಿನ್ ಡಿ ಕೊರತೆಯಿರುವವರು ಅದನ್ನು ಸರಿಪಡಿಸಿಕೊಂಡರೆ ತೊಂದರೆ ಮರುಕಳಿಸುವುದು ಕಡಿಮೆಯಾಗುತ್ತದೆ.

ಇವನ್ನು ಮಾಡಬೇಡಿ

* ತಲೆಸುತ್ತಿನ ಮಾತ್ರೆಗಳು ವಾಂತಿ, ಸಂಕಟಗಳನ್ನು ಕೆಲ ದಿನ ತಗ್ಗಿಸುತ್ತವೆಯೇ ಹೊರತು ಹರಳನ್ನು ಕದಲಿಸುವುದಿಲ್ಲ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗಬೇಡಿ. ಅವುಗಳಲ್ಲಿ ಕೆಲವು ವಯಸ್ಸಾದವರಿಗೆ ಮಂಪರು, ಕೈನಡುಕ ತರುತ್ತವೆ.

* ಕಿವಿಗೆ ಬಿಸಿ ಎಣ್ಣೆ, ತಣ್ಣೀರು ಹಾಕಬೇಡಿ. ತೀರಾ ಬಿಸಿ ಅಥವಾ ತಣ್ಣನೆಯ ನೀರು ಕಿವಿಗೆ ಬಿದ್ದರೇ ತಲೆ ಸುತ್ತುತ್ತದೆ. ಇದರ ಕಾರಣವನ್ನು ಅಭ್ಯಸಿಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಬಂದಿತು.

* ಪೂರ್ತಿ ಗುಣವಾಗುವವರೆಗೆ ಬಣವೆ, ಏಣಿ, ಮರ ಹತ್ತುವುದು, ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವುದು, ಕ್ಯಾನು ಕಟ್ಟಿಕೊಂಡು ಬೈಕ್ ಓಡಿಸುವುದು ಬೇಡ. ತಲೆಸುತ್ತಿಗಿಂತ ಅದರಿಂದಾಗುವ ಬೀಳುವಿಕೆ ಹೆಚ್ಚು ಕೆಟ್ಟದ್ದು. ಮುಂಜಾನೆ ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು, ಬಳಿಕ ಕೊಟ್ಟಿಗೆಗೆ ಹೋಗಿರಿ.

ತಕ್ಷಣ 108ಕ್ಕೆ ಕರೆ ಮಾಡಬೇಕಾದಾಗ

ತಲೆಸುತ್ತಿನ ಜೊತೆಗೆ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಆಸರೆಯಿಲ್ಲದೆ ನಿಲ್ಲಲಾಗದಿರುವುದು, ಹಿಂದೆಂದೂ ಕಾಣದ ತಲೆನೋವು – ಇವುಗಳಲ್ಲಿ ಒಂದಿದ್ದರೂ ಲಕ್ವವಿರಬಹುದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಮದ್ದು, ತಾಯಿತ ಎಂದು ಕಾಯಬೇಡಿ. "ಸಂಜೆಯ ಹಾಲು ಹಾಕಿ ಹೋಗೋಣ" ಎಂದೂ ಕಾಯಬೇಡಿ. ಹಾಲನ್ನು ಡೇರಿಗೆ ಅಕ್ಕಪಕ್ಕದವರು ಹಾಕಿಯಾರು. ಲಕ್ಷಣ ಶುರುವಾದ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ಹೇಳಿರಿ.

ಈ ಪುಟವನ್ನು ಓದು ಬಾರದ ಹಿರಿಯರಿಗೆ ಓದಿ ಹೇಳಿರಿ. ಮನೆಯಲ್ಲಿ ಅಜ್ಜಿಯೋ ಅಮ್ಮನೋ "ಮಗ್ಗುಲಾದರೆ ತಲೆ ತಿರುಗುತ್ತೆ" ಎಂದರೆ, ವಯಸ್ಸಿನದೆಂದು ತಳ್ಳಿಹಾಕದೆ ಒಮ್ಮೆ ಪರೀಕ್ಷೆ ಮಾಡಿಸಿರಿ. ಐದು ನಿಮಿಷದ ಚಿಕಿತ್ಸೆಯಲ್ಲಿ ಹೋಗಬಹುದಾದ ತೊಂದರೆಯನ್ನು ಅವರು ವರ್ಷಗಟ್ಟಲೆ ಅನುಭವಿಸಬೇಕಾಗಿಲ್ಲ.