ಪಕ್ಷಗಳ ಪೈಪೋಟಿ ಮತ್ತು ನಮ್ಮ ಮನೆಯ ಐದು ಮತ

ನಮ್ಮ ಅಬ್ಬಾ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಾರ್ಖಾನೆಯ ಗೇಟಿನ ಹತ್ತಿರ ಟೀ ಅಂಗಡಿ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲೇ ಇನ್ನೊಬ್ಬರ ಟೀ ಅಂಗಡಿ ಇದೆ. ರಸ್ತೆ ಇಷ್ಟು ಉದ್ದ ಇರುವಾಗ ಇಬ್ಬರೂ ಒಂದೇ ಜಾಗದಲ್ಲಿ ಏಕೆ ಕೂತಿದ್ದೀರಿ ಎಂದು ಒಮ್ಮೆ ಕೇಳಿದ್ದೆ. "ನಾನು ದೂರ ಹೋದರೆ ಗೇಟಿನ ಗಿರಾಕಿಯೆಲ್ಲ ಅವರ ಪಾಲಾಗುತ್ತೆ. ಅವರು ದೂರ ಹೋದರೆ ನನ್ನ ಪಾಲಾಗುತ್ತೆ. ಅದಕ್ಕೆ ಇಬ್ಬರೂ ಇಲ್ಲೇ ಇದ್ದೀವಿ" ಎಂದರು.

ಇದೇ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಒಂದೇ ಬೀದಿಯ ಎರಡು ಅಂಗಡಿಗಳು ಪೈಪೋಟಿಯಲ್ಲಿ ಬೀದಿಯ ನಡುವಿಗೆ ಬಂದು ನಿಲ್ಲುತ್ತವೆ ಎಂಬುದು ಅವರ ವಾದ. 1957ರಲ್ಲಿ ಆಂಥೊನಿ ಡೌನ್ಸ್ ಇದನ್ನು ರಾಜಕೀಯಕ್ಕೆ ತಂದರು. ಅವರ ಪ್ರಕಾರ ಪಕ್ಷಗಳು ಅಂಗಡಿಗಳಂತೆ, ಮತದಾರರು ಗಿರಾಕಿಗಳಂತೆ. ಎರಡೇ ಪಕ್ಷಗಳಿದ್ದರೆ ಎರಡೂ ನಡುವಿನ ಮತದಾರನ ಹತ್ತಿರಕ್ಕೆ ಸರಿಯುತ್ತವೆ. ಕಾಮರ್ಸ್ ಓದುವವರಿಗೆ ರಾಜ್ಯಶಾಸ್ತ್ರದಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಪೈಪೋಟಿ, ಏಕಸ್ವಾಮ್ಯ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುವುದನ್ನೇ ಅವರು ಮತದ ಮಾರುಕಟ್ಟೆಯಲ್ಲಿ ಓದುತ್ತಾರೆ.

ಆದರೆ ಎರಡು ಅಂಗಡಿ ಇದ್ದ ಮಾತ್ರಕ್ಕೆ ಒಳ್ಳೆಯ ಟೀ ಸಿಗುತ್ತದೆ ಎನ್ನಲಾಗದು. ಹಾಗೆಯೇ ಹಲವು ಪಕ್ಷಗಳಿದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಚೆನ್ನಾಗಿದೆ ಎನ್ನಲಾಗದು. ಹಾಗಾದರೆ ಇನ್ನೇನು ಬೇಕು? ಯುರೋಪಿನ ಪಕ್ಷಗಳನ್ನು ಅಧ್ಯಯನ ಮಾಡಿದ ಇಟಲಿಯ ವಿದ್ವಾಂಸ ಸ್ಟೆಫಾನೊ ಬಾರ್ತೊಲಿನಿ 1999 ಮತ್ತು 2000ರಲ್ಲಿ ಎರಡು ಭಾಗಗಳಲ್ಲಿ ಬರೆದ ಲೇಖನದಲ್ಲಿ ನಾಲ್ಕು ಷರತ್ತುಗಳನ್ನು ಹೇಳಿದ್ದಾರೆ. ನಾನು ಅವನ್ನು ನಾಲ್ಕು ಪ್ರಶ್ನೆಗಳಾಗಿ ಮಾಡಿಕೊಂಡು ನಮ್ಮ ಕರ್ನಾಟಕಕ್ಕೆ, ನಮ್ಮ ತುಮಕೂರಿಗೆ ಹಾಕಿ ನೋಡಿದ್ದೇನೆ.

ಮೊದಲನೆಯ ಪ್ರಶ್ನೆ: ಹೊಸಬರು ಕಣಕ್ಕೆ ಇಳಿಯಬಹುದೇ?

ನಮ್ಮಲ್ಲಿ 25 ವರ್ಷ ತುಂಬಿದವರು ವಿಧಾನಸಭೆಗೆ ಸ್ಪರ್ಧಿಸಬಹುದು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000 ರೂಪಾಯಿ. ಚಲಾವಣೆಯಾದ ಮತಗಳ ಆರನೇ ಒಂದು ಪಾಲನ್ನು ದಾಟದಿದ್ದರೆ ಠೇವಣಿ ಹೋಗುತ್ತದೆ. ಅಂದರೆ ಕಣಕ್ಕೆ ಇಳಿಯುವುದು ಅಷ್ಟು ಕಷ್ಟವಲ್ಲ, ಗೆಲ್ಲುವುದು ಕಷ್ಟ. ನಮ್ಮ ಪದ್ಧತಿಯಲ್ಲಿ ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದರು, ಉಳಿದವರಿಗೆ ಏನೂ ಇಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ನಿಜವಾಗಿಯೂ ಒಂದೇ ಒಂದು ಮತದಿಂದ ಗೆದ್ದಿದ್ದರು.

ಯುರೋಪಿನ ಬಹಳ ದೇಶಗಳಲ್ಲಿ ಹೀಗಿಲ್ಲ. ನೆದರ್ಲೆಂಡ್ಸ್ ಸಂಸತ್ತಿನ ಕೆಳಮನೆಯಲ್ಲಿ 150 ಸ್ಥಾನಗಳಿವೆ. ದೇಶದ ಒಟ್ಟು ಮತದಲ್ಲಿ 150ರಲ್ಲಿ ಒಂದು ಪಾಲು ಸಿಕ್ಕರೂ ಒಂದು ಸ್ಥಾನ ಬರುತ್ತದೆ. 2023ರ ಚುನಾವಣೆಯಲ್ಲಿ ಅಲ್ಲಿ 15 ಪಕ್ಷಗಳು ಸಂಸತ್ತಿಗೆ ಬಂದವು. ಜರ್ಮನಿಯಲ್ಲಿ ಸಾಮಾನ್ಯವಾಗಿ ಶೇ. 5 ಮತ ಬೇಕು. ಬ್ರಿಟನ್ ಮಾತ್ರ ನಮ್ಮ ಹಾಗೆಯೇ. ಅಲ್ಲಿ 2024ರಲ್ಲಿ ಲೇಬರ್ ಪಕ್ಷ ಸುಮಾರು ಶೇ. 34 ಮತಕ್ಕೆ 650ರಲ್ಲಿ 411 ಸ್ಥಾನ ಪಡೆಯಿತು.

ಎರಡನೆಯ ಪ್ರಶ್ನೆ: ಪಕ್ಷಗಳ ನಡುವೆ ವ್ಯತ್ಯಾಸ ಗೊತ್ತಾಗುತ್ತದೆಯೇ?

ಮತ ಹಾಕುವಾಗ ಯಾವ ಪಕ್ಷಕ್ಕೆ ಹಾಕಿದರೆ ಯಾವ ಸರ್ಕಾರ ಬರುತ್ತದೆ ಎಂದು ಮತದಾರನಿಗೆ ತಿಳಿದಿರಬೇಕು. 2023ರಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಎಂಬಂಥ ಗ್ಯಾರಂಟಿಗಳು ಬಂದಾಗ ಜನ ಅದನ್ನು ಮಾತಾಡಿದರು, ಒಪ್ಪಿದರು, ವಿರೋಧಿಸಿದರು. ಅಷ್ಟರ ಮಟ್ಟಿಗೆ ಆಯ್ಕೆ ಕಣ್ಣಿಗೆ ಕಾಣುತ್ತಿತ್ತು. ಆದರೆ 2018ರಲ್ಲಿ ಪರಸ್ಪರ ಎದುರಾಳಿಗಳಾಗಿ ಸ್ಪರ್ಧಿಸಿದ ಕಾಂಗ್ರೆಸ್ ಮತ್ತು ಜೆಡಿಎಸ್ ಫಲಿತಾಂಶದ ನಂತರ ಒಟ್ಟಾಗಿ ಸರ್ಕಾರ ಮಾಡಿದವು. 2019ರಲ್ಲಿ ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ಆ ಸರ್ಕಾರ ಬಿತ್ತು, ಬಿಜೆಪಿ ಸರ್ಕಾರ ಬಂತು. ಒಂದು ಚಿಹ್ನೆಗೆ ಹಾಕಿದ ಮತ ಇನ್ನೊಂದು ಕಡೆ ಹೋದಾಗ ಈ ಷರತ್ತು ಸಡಿಲವಾಗುತ್ತದೆ.

ಯುರೋಪಿನಲ್ಲೂ ಈ ದೂರು ಇದೆ. ರಿಚರ್ಡ್ ಕಾಟ್ಜ್ ಮತ್ತು ಪೀಟರ್ ಮೇರ್ ಎಂಬ ಇಬ್ಬರು 1995ರಲ್ಲಿ "ಕಾರ್ಟೆಲ್ ಪಕ್ಷ" ಎಂಬ ಹೆಸರು ಕೊಟ್ಟರು. ಕಾರ್ಟೆಲ್ ಎಂದರೆ ಕಾಮರ್ಸ್‌ನವರಿಗೆ ಗೊತ್ತು, ಪೈಪೋಟಿ ಮಾಡಬೇಕಾದ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಳ್ಳುವುದು. ದೊಡ್ಡ ಪಕ್ಷಗಳು ಸರ್ಕಾರದ ಹಣ, ಸೌಲಭ್ಯಗಳನ್ನು ಹಂಚಿಕೊಂಡು, ಗೆದ್ದರೂ ಸೋತರೂ ತಮಗೆ ನಷ್ಟವಿಲ್ಲದಂತೆ ನೋಡಿಕೊಳ್ಳುತ್ತವೆ ಎಂಬುದು ಅವರ ಆರೋಪ.

ಮೂರನೆಯ ಪ್ರಶ್ನೆ: ಅಧಿಕಾರದಲ್ಲಿರುವವರಿಗೆ ಸೋಲಿನ ಭಯ ಇದೆಯೇ?

ಈ ಪ್ರಶ್ನೆಗೆ ಕರ್ನಾಟಕ ಒಳ್ಳೆಯ ಅಂಕ ಪಡೆಯುತ್ತದೆ. 1985ರಲ್ಲಿ ರಾಮಕೃಷ್ಣ ಹೆಗಡೆ ಅವರ ಜನತಾ ಪಕ್ಷ ಅಧಿಕಾರ ಉಳಿಸಿಕೊಂಡಿತು. ಅದರ ನಂತರ 2023ರ ವರೆಗೆ ಯಾವ ಆಡಳಿತ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಮತ್ತೆ ಬಹುಮತ ಪಡೆದು ಮರಳಿಲ್ಲ. ಇದಕ್ಕೆ ಹೆಚ್ಚು ಮತ ಆಚೀಚೆ ಆಗಬೇಕಿಲ್ಲ. 2018ರಲ್ಲಿ ಬಿಜೆಪಿ ಸುಮಾರು ಶೇ. 36 ಮತಕ್ಕೆ 104 ಸ್ಥಾನ ಪಡೆಯಿತು. ಶೇ. 38 ಮತ ಪಡೆದ ಕಾಂಗ್ರೆಸ್‌ಗೆ ಅದಕ್ಕಿಂತ ಕಡಿಮೆ ಸ್ಥಾನ ಬಂತು. 2023ರಲ್ಲಿ ಬಿಜೆಪಿಗೆ ಮತ್ತೆ ಶೇ. 36 ಮತ ಬಂದರೂ ಸ್ಥಾನ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ. 43ಕ್ಕೆ ಏರಿ 135 ಸ್ಥಾನ ಪಡೆಯಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿಯಿತು. ನೂರರಲ್ಲಿ ಐದು ಜನ ಮನಸ್ಸು ಬದಲಿಸಿದರೆ ಸರ್ಕಾರ ಬದಲಾಗುತ್ತದೆ.

ನಾಲ್ಕನೆಯ ಪ್ರಶ್ನೆ: ಮತದಾರ ಬದಲಾಗಲು ಸಿದ್ಧನಿದ್ದಾನೆಯೇ?

ನನಗೆ ಬಹಳ ಕಾಡಿದ ಪ್ರಶ್ನೆ ಇದು. ಮೊದಲ ಮೂರು ಪ್ರಶ್ನೆಗಳು ಪಕ್ಷಗಳ ಬಗ್ಗೆ, ಇದು ನಮ್ಮ ಬಗ್ಗೆ. ಬಾರ್ತೊಲಿನಿ ಹೇಳುವಂತೆ, ಏನೇ ಆದರೂ ಬದಲಾಗದ ಮತಕ್ಕಾಗಿ ಪೈಪೋಟಿ ಇರುವುದಿಲ್ಲ. ಬದಲಾಗಬಹುದಾದ ಮತಕ್ಕಾಗಿ ಮಾತ್ರ ಪೈಪೋಟಿ ಇರುತ್ತದೆ.

ನಮ್ಮ ಮನೆಯಲ್ಲಿ ಐದು ಮತಗಳಿವೆ: ದಾದಿ, ಅಬ್ಬಾ, ಅಮ್ಮಿ, ಭಾಯಿ, ಭಾಭಿ. ಮತದಾನದ ಹಿಂದಿನ ರಾತ್ರಿ ಊಟವಾದ ಮೇಲೆ ಅಬ್ಬಾ ಒಂದು ಹೆಸರು ಹೇಳುತ್ತಾರೆ. ಐದೂ ಮತ ಅಲ್ಲಿಗೆ ಹೋಗುತ್ತವೆ. "ನಮ್ಮ ಮತ ಒಡೆಯಬಾರದು" ಎಂಬುದು ಅವರ ಒಂದೇ ಕಾರಣ. ನಮ್ಮ ಮೊಹಲ್ಲಾದ ಬಹಳ ಮನೆಗಳಲ್ಲಿ ಇದೇ ಮಾತು ಕೇಳಿದ್ದೇನೆ. ನಿಮ್ಮ ಮನೆಗಳಲ್ಲೂ ಕೇಳಿರಬಹುದು.

ಈ ಲೇಖನಕ್ಕಾಗಿ ಓದುವಾಗ ಅಬ್ಬಾಗೆ ತುಮಕೂರು ನಗರ ಕ್ಷೇತ್ರದ ಲೆಕ್ಕ ತೋರಿಸಿದೆ. 2018ರಲ್ಲಿ ಅಲ್ಲಿ ಮೂರು ಪಕ್ಷಗಳ ಅಭ್ಯರ್ಥಿಗಳೂ 50 ಸಾವಿರ ಮತ ದಾಟಿದ್ದರು. ಬಿಜೆಪಿ ಗೆದ್ದಿತು, ಜೆಡಿಎಸ್ ಎರಡನೆಯದು, ಕಾಂಗ್ರೆಸ್ ಮೂರನೆಯದು. 2023ರಲ್ಲಿ ಮತ್ತೆ ಬಿಜೆಪಿ ಗೆದ್ದಿತು, ಅಂತರ ಸುಮಾರು 3,200 ಮತ. ಈ ಸಲವೂ ಜೆಡಿಎಸ್ ಎರಡನೆಯದು, ಕಾಂಗ್ರೆಸ್ ಮೂರನೆಯದು.

"ನೋಡಿದೆಯಾ ಬೇಟಾ, ಎರಡು ಸಲವೂ ಮತ ಒಡೆದಿದೆ" ಎಂದರು ಅಬ್ಬಾ.

"ಹೌದು ಅಬ್ಬಾ, ಆದರೆ ಒಡೆದವರು ಯಾರು? ಎರಡನೆಯವರು ಯಾರು, ಮೂರನೆಯವರು ಯಾರು? ಎಣಿಕೆ ಮುಗಿದ ಮೇಲೆ ಗೊತ್ತಾಗುವುದು ಮೊದಲೇ ಹೇಗೆ ಗೊತ್ತಾಗಬೇಕು?" ಎಂದೆ.

ಫ್ರಾನ್ಸಿನ ಮೊರಿಸ್ ಡ್ಯುವರ್ಜೆ 1951ರಲ್ಲೇ ಇದನ್ನು ವಿವರಿಸಿದ್ದಾರೆ. ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಪದ್ಧತಿಯಲ್ಲಿ, ತಮ್ಮ ಮತ ವ್ಯರ್ಥವಾದೀತೆಂಬ ಅಂಜಿಕೆಯಿಂದ ಜನ ಮೂರನೆಯ ಪಕ್ಷವನ್ನು ಬಿಟ್ಟು ಮೊದಲ ಎರಡರ ಕಡೆ ಹೋಗುತ್ತಾರೆ. ಅಬ್ಬಾ ಮಾಡುತ್ತಿರುವುದೂ ಇದನ್ನೇ. ಮೂರನೆಯವರು ಯಾರೆಂದು ಮೊದಲೇ ಗೊತ್ತಿದ್ದರೆ ಮಾತ್ರ ಈ ಲೆಕ್ಕ ಸರಿ ಬರುತ್ತದೆ.

ಆಮೇಲೆ ನಾನು ಅಂಗಡಿಯ ಮಾತು ತೆಗೆದೆ. "ಅಬ್ಬಾ, ಹೊಸ ಗಿರಾಕಿ ಬಂದರೆ ಗ್ಲಾಸು ಎರಡು ಸಲ ತೊಳೆದು ಕೊಡ್ತೀರಿ. ದಿನಾ ಬರುವವರಿಗೆ ಕಾಯಿಸ್ತೀರಿ. ಯಾಕೆ?"

"ಅವರು ಎಲ್ಲಿಗೆ ಹೋಗ್ತಾರೆ?" ಎಂದವರೇ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಟೀ ಬದಲಿಸಿದವನಿಗೆ ಕೆಟ್ಟ ಟೀ ಸಿಕ್ಕರೆ ನಾಳೆ ವಾಪಸ್ ಬರಬಹುದು. ಮತ ಹಾಗಲ್ಲ, ಐದು ವರ್ಷ ಕಾಯಬೇಕು. ನಮ್ಮಂಥವರಿಗೆ ಮೊದಲು ನೆಮ್ಮದಿ ಬೇಕು. ಅದನ್ನು ನಿನ್ನ ಪುಸ್ತಕ ಲೆಕ್ಕ ಹಾಕುತ್ತಾ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಬ್ಬಾ ಹೇಳಿದ್ದು ಸುಳ್ಳಲ್ಲ. ಸಂಖ್ಯೆಯಲ್ಲಿ ಕಡಿಮೆ ಇರುವವರು ಒಟ್ಟಾಗಿ ಮತ ಹಾಕುವುದು ದಡ್ಡತನವೂ ಅಲ್ಲ. ಯುರೋಪಿನಲ್ಲೂ ಹಾಗೆ ಆಗಿದೆ. ನೆದರ್ಲೆಂಡ್ಸ್‌ನ ಕ್ಯಾಥೊಲಿಕರು ಬಹಳ ಕಾಲ ಕೀಳಾಗಿ ಕಾಣಲ್ಪಟ್ಟವರು. ಅವರು ತಮ್ಮದೇ ಶಾಲೆ, ಪತ್ರಿಕೆ, ಕಾರ್ಮಿಕ ಸಂಘ ಕಟ್ಟಿಕೊಂಡರು. ಬಹುತೇಕ ಎಲ್ಲರೂ ಒಂದೇ ಪಕ್ಷಕ್ಕೆ ಮತ ಹಾಕುತ್ತಿದ್ದರು. 1954ರಲ್ಲಿ ಅವರ ಬಿಷಪ್‌ಗಳು ಸಮಾಜವಾದಿ ಸಂಘಗಳಿಂದ ದೂರ ಇರಿ ಎಂದು ಪತ್ರವನ್ನೇ ಹೊರಡಿಸಿದ್ದರು. 1963ರಲ್ಲಿ ಆ ಕ್ಯಾಥೊಲಿಕ್ ಪಕ್ಷಕ್ಕೆ 150ರಲ್ಲಿ 50 ಸ್ಥಾನಗಳಿದ್ದವು. ಒಂಬತ್ತೇ ವರ್ಷದಲ್ಲಿ, 1972ರ ಹೊತ್ತಿಗೆ, ಅದು 27ಕ್ಕೆ ಇಳಿಯಿತು. ಓದಿದ ಹೊಸ ತಲೆಮಾರು ತನ್ನ ಮತವನ್ನು ತಾನೇ ಹಾಕತೊಡಗಿತ್ತು. ಅದರಿಂದ ಅವರ ನಂಬಿಕೆಗೆ ಯಾರೂ ನಿಷೇಧ ಹಾಕಲಿಲ್ಲ. ಒಟ್ಟಾಗಿ ನಿಂತದ್ದು ಅವರಿಗೆ ಒಂದು ಕಾಲದಲ್ಲಿ ಬಲ ಕೊಟ್ಟಿತು. ಬೇರೆ ಬೇರೆಯಾಗಿ ಯೋಚಿಸಿದ್ದು ಇನ್ನೊಂದು ಕಾಲದಲ್ಲಿ ಉಳಿದ ಪಕ್ಷಗಳನ್ನೂ ಅವರ ಬಾಗಿಲಿಗೆ ತಂದಿತು.

ಇಷ್ಟೆಲ್ಲ ಮಾತು ನಡೆಯುವಾಗ ಅಮ್ಮಿ ರೊಟ್ಟಿ ಲಟ್ಟಿಸುತ್ತಿದ್ದರು. "ಅಮ್ಮಿ, ನಿಮಗೆ ಏನು ಬೇಕು?" ಎಂದು ಕೇಳಿದೆ. "ನಲ್ಲಿ ನೀರು ದಿನಾ ಬರಬೇಕು. ನಿನಗೆ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬಸ್ ಬೇಕು" ಎಂದರು. ಆಮೇಲೆ, "ಇಷ್ಟು ವರ್ಷ ಮತ ಹಾಕಿದ್ದೇನೆ, ಇದನ್ನು ಕೇಳಿದ್ದು ನೀನೇ ಮೊದಲು" ಎಂದರು. ಅಬ್ಬಾ ತಟ್ಟೆಯಿಂದ ತಲೆ ಎತ್ತಿ ಅಮ್ಮಿಯ ಕಡೆ ನೋಡಿದರು. ಏನೂ ಹೇಳಲಿಲ್ಲ.

ಪಕ್ಷದವರು ಅಮ್ಮಿಯನ್ನು ಕೇಳಿಲ್ಲ, ಏಕೆಂದರೆ ಅವರ ಮತ ಎಲ್ಲಿಗೆ ಹೋಗುತ್ತದೆ ಎಂದು ಪಕ್ಷದವರಿಗೆ ಮೊದಲೇ ಗೊತ್ತು. ನಾವೂ ಕೇಳಿಲ್ಲ, ಅದೇ ಕಾರಣಕ್ಕೆ. ನಾಲ್ಕನೆಯ ಷರತ್ತಿನ ಅರ್ಥ ನನಗೆ ಆದದ್ದು ಆಗ. ಒಟ್ಟಿಗೆ ಮತ ಹಾಕುವುದು ತಪ್ಪಲ್ಲ. ಆದರೆ ಐದು ಜನ ಕೂತು ಮಾತಾಡಿ ಒಂದೇ ನಿರ್ಧಾರಕ್ಕೆ ಬರುವುದು ಬೇರೆ, ಒಬ್ಬರು ಹೇಳಿದ್ದನ್ನು ನಾಲ್ವರು ಕೇಳುವುದು ಬೇರೆ. ಮೊದಲನೆಯದರಲ್ಲಿ ಐದು ಮತಗಳಿವೆ. ಎರಡನೆಯದರಲ್ಲಿ ಒಂದೇ ಮತವನ್ನು ಐದು ಸಲ ಎಣಿಸುತ್ತಾರೆ.

ಗೆಳೆಯರೇ, ನಮ್ಮಲ್ಲಿ ಬಹಳ ಜನ ಮುಂದಿನ ವರ್ಷ 18 ತುಂಬುವವರು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದವರು ನಮೂನೆ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನಾನು ಹಾಕಿದ್ದೇನೆ. ನೀವೂ ಹಾಕಿ. ಆಮೇಲೆ ಈ ನಾಲ್ಕು ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿ, ಮೊದಲು ಅಡುಗೆಮನೆಯಲ್ಲಿ ಇರುವವರನ್ನು ಕೇಳಿ.

ಮುಂದಿನ ವಿಧಾನಸಭಾ ಚುನಾವಣೆಯ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಆರು ಮತಗಳಿರುತ್ತವೆ. ಅಬ್ಬಾ ಹೆಸರು ಹೇಳುವ ಮೊದಲು ಎಲ್ಲರೂ ಕೂತು ಮಾತಾಡೋಣ ಎಂದು ಕೇಳಿಕೊಂಡಿದ್ದೇನೆ. "ಚುನಾವಣೆ ಬರಲಿ, ನೋಡೋಣ" ಎಂದಿದ್ದಾರೆ. ಬೇಡ ಎಂದಿಲ್ಲ.